ಬಿಳಿ ನಾಲ್ಕರಿಂದ ಕಲ್ಯಾಣಿ

ಹುಬ್ಬಳ್ಳಿ
12 ಆಗಸ್ಟ್ 1958

ತರೀಕೆರೆಯ ಶಿವಮೂರ್ತಪ್ಪ ಮೇಷ್ಟ್ರಿಗೆ, ಸಣ್ಣಬೀರಪ್ಪ ದೂರದಿಂದಲೇ ಕಾಲು ಮುಟ್ಟುತ್ತಿದ್ದೇನೆ.

ಯಾವ ಸಣ್ಣಬೀರಪ್ಪ ಎನ್ನಬೇಡಿ. ಯಗಟಿಯವನು. ಬೀರೂರಿನ ಪಾರ್ಸಲ್ ಆಫೀಸಿನಲ್ಲಿ ಹಮಾಲಿಯಾಗಿದ್ದಾಗ ಭಾನುವಾರ ರೈಲು ಹತ್ತಿ ನಿಮ್ಮ ಜಗಲಿಗೆ ಬಂದು, ಹಾರ್ಮೋನಿಯಂ ತಿದಿ ಒತ್ತುತ್ತಾ, ಬೈಸಿಕೊಳ್ಳುತ್ತಾ ಸರಳೆ ಕಲಿತವನು. ಈಗ ನನ್ನನ್ನು ಹುಬ್ಬಳ್ಳಿಗೆ ಎತ್ತಿ ಹಾಕಿದ್ದಾರೆ. ಕೆಲಸ ಅದೇ, ಮೂಟೆ ಮಾತ್ರ ಬೇರೆ. ಅಲ್ಲಿ ತೆಂಗಿನಕಾಯಿ, ಇಲ್ಲಿ ಹತ್ತಿ ಮತ್ತು ಮೆಣಸಿನಕಾಯಿ.

ಒಂದು ವಿಷಯ ಕೇಳಬೇಕು. ಇಲ್ಲಿ ಪಿಂಟೋ ಅಂತ ಒಬ್ಬರು ಗಾರ್ಡ್ ಇದ್ದರು, ಮಂಗಳೂರ ಕಡೆಯ ಕ್ರೈಸ್ತರು. ಮೊನ್ನೆ ರಿಟೈರ್ ಆದರು. ನಾನು ಮೂಟೆ ಹೊರುವಾಗ ಹಾಡಿಕೊಳ್ಳುವುದನ್ನು ಕೇಳಿ ತಮ್ಮ ಗಿಟಾರನ್ನು ನನಗೆ ಕೊಟ್ಟಿದ್ದಾರೆ. ಅವರ ಬಾಮೈದ ಮದ್ರಾಸಿನ ಒಂದು ಸಿನಿಮಾ ಸ್ಟುಡಿಯೋದಲ್ಲಿ ಪಿಟೀಲು ನುಡಿಸುತ್ತಾನಂತೆ. ಅಲ್ಲಿ ಗಿಟಾರಿನವರು ಬೇಕಾಗಿದ್ದಾರಂತೆ, ಆದರೆ ರಾಗಗಳ ಅಂದಾಜು ಇದ್ದವರೇ ಬೇಕಂತೆ. ಪಿಂಟೋ ಅವರಿಗೆ ಇಂಗ್ಲಿಷ್ ಪಾಠ ಗೊತ್ತು, ರಾಗ ಗೊತ್ತಿಲ್ಲ. ನಿಮಗೆ ರಾಗ ಗೊತ್ತು. ಕಾಗದದಲ್ಲಿ ಹೇಳಿಕೊಡುತ್ತೀರಾ? ಗಿಟಾರಿನ ಚಿತ್ರ ಬರೆದು ಇದರೊಳಗೆ ಇಟ್ಟಿದ್ದೇನೆ. ಕತ್ತಿನ ಮೇಲೆ ಅಡ್ಡಗೆರೆಗಳಿವೆಯಲ್ಲ, ಅವು ವೀಣೆಯ ಮೆಟ್ಟಿಲಿನ ಹಾಗೆ.

ಮೇಷ್ಟ್ರೇ, ನನ್ನ ವಯಸ್ಸಿನವರಿಗೇ ಇಲ್ಲಿ ಸೊಂಟ ಬಿದ್ದುಹೋಗಿದೆ. ನನಗೆ ಇದೊಂದೇ ಬಾಗಿಲು ಕಾಣುತ್ತಿದೆ.

ಸಣ್ಣಬೀರಪ್ಪ


ತರೀಕೆರೆ
2 ಸೆಪ್ಟೆಂಬರ್ 1958

ಸಣ್ಣಬೀರ,

ನಿನ್ನ ಚಿತ್ರ ನೋಡಿದೆ. ಮೊದಲು ಸೋರೆಕಾಯಿ ಎಂದುಕೊಂಡೆ. ಇಪ್ಪತ್ತು ವರ್ಷ ನಾಟಕದ ಕಂಪನಿಯಲ್ಲಿ ಹಾರ್ಮೋನಿಯಂ ಹಿಡಿದ ನನ್ನಂಥವನು ಆ ಸೋರೆಕಾಯಿಗೆ ಪಾಠ ಹೇಳಬೇಕಾದ ಕಾಲ ಬಂತು, ಇರಲಿ. ಕಂಪನಿಗಳೆಲ್ಲ ಮಣ್ಣುಪಾಲಾದವು. ಈಗ ಅಂಗಡಿಯವರ ಮನೆ ಹೆಣ್ಣುಮಕ್ಕಳಿಗೆ ಮದುವೆಗೆ ಮುಂಚೆ ನಾಲ್ಕು ವಚನ ಕಲಿಸಿ ಹೊಟ್ಟೆ ಹೊರೆಯುತ್ತಿದ್ದೇನೆ. ಮಂಗಳವಾರ ಅಜ್ಜಂಪುರಕ್ಕೆ ಹೋಗುತ್ತೇನೆ, ಅಲ್ಲಿ ಗಂಗಾಧರಯ್ಯನ ಮಗಳು ಮಲ್ಲಿಕಾಂಬ ಒಬ್ಬಳಿಗೇ ಕಿವಿ ಇದೆ. ಅವಳನ್ನು ಬಿಟ್ಟರೆ ನಿನಗೆ ಇತ್ತು.

ಗಮನವಿಟ್ಟು ಓದು. ಗಿಟಾರಿನ ಒಂದು ಮೆಟ್ಟಿಲು ಎಂದರೆ ಹಾರ್ಮೋನಿಯಂನ ಒಂದು ಮನೆ, ಬಿಳಿ ಕಪ್ಪು ಎರಡೂ ಸೇರಿ. ಬಿಟ್ಟ ತಂತಿಯನ್ನು ಸ ಮಾಡಿಕೋ. ಎರಡು ಮೆಟ್ಟಿಲು ದಾಟು, ಮತ್ತೆ ಎರಡು, ಆಮೇಲೆ ಒಂದು. ಮತ್ತೆ ಎರಡು, ಎರಡು, ಎರಡು, ಕೊನೆಗೆ ಒಂದು. ಇದು ಶಂಕರಾಭರಣ. ಹಾರ್ಮೋನಿಯಂನಲ್ಲಿ ಬಿಳಿ ಒಂದರಿಂದ ಬರೀ ಬಿಳಿ ಮನೆಗಳನ್ನೇ ಒತ್ತಿಕೊಂಡು ಹೋದ ಹಾಗೆ. ಇದು ಕಣ್ಣು ಮುಚ್ಚಿ ಬರುವ ತನಕ ಮುಂದೆ ಹೋಗಬೇಡ.

ಅದಾದ ಮೇಲೆ, ಅದೇ ಏಳು ಸ್ವರ ಇಟ್ಟುಕೊಂಡು ಶುರು ಮಾಡುವ ಜಾಗ ಬದಲಾಯಿಸು. ಬಿಳಿ ಎರಡರಿಂದ ಶುರು ಮಾಡಿ ಮೇಲಿನ ಎರಡಕ್ಕೆ ಮುಗಿಸಿದರೆ ಖರಹರಪ್ರಿಯ. ಮೂರರಿಂದ ತೋಡಿ. ನಾಲ್ಕರಿಂದ ಕಲ್ಯಾಣಿ. ಐದು ಹರಿಕಾಂಭೋಜಿ, ಆರು ನಠಭೈರವಿ. ಏಳರ ತಂಟೆಗೆ ಹೋಗಬೇಡ, ಅದಕ್ಕೆ ಪಂಚಮವೇ ಕೂಡುವುದಿಲ್ಲ. ಬೆರಳು ಒಂದೇ ದಾರಿಯಲ್ಲಿ ನಡೆಯುತ್ತದೆ, ಆರು ರಾಗ ಹುಟ್ಟುತ್ತವೆ.

ನನ್ನ ಮನೆಯ ಪದ್ಧತಿ ನಿನಗೆ ಗೊತ್ತು. ಹೊಸಬರು ಜಗಲಿಯಲ್ಲಿ, ಕೈ ಹಣ್ಣಾದವರು ಒಳಗೆ. ಒಳಗೆ ಕರೆಯುವುದು ನವರಾತ್ರಿಯಲ್ಲಿ ಒಂದು ದಿನ, ಮನೆಯ ಹಿರಿಯರ ಎದುರಿಗೆ. ಆಗ ಒಂದು ಮಾತು ಹೇಳಿಕೊಡುವುದಿದೆ. ನನ್ನ ಗುರುಗಳು ನನಗೆ ಹಾಗೇ ಕೊಟ್ಟರು. ಅದು ಟಪಾಲಿನಲ್ಲಿ ಬರುವುದಲ್ಲ. ಅಲ್ಲಿಯ ತನಕ ಬೆರಳು ಸವೆಸು.

ಶಿವಮೂರ್ತಪ್ಪ


ಹುಬ್ಬಳ್ಳಿ
17 ಫೆಬ್ರವರಿ 1959

ಮೇಷ್ಟ್ರಿಗೆ ನಮಸ್ಕಾರ ಮಾಡಿ ಬರೆಯುವುದು.

ಶಂಕರಾಭರಣ ಬಂತು. ಕಣ್ಣು ಮುಚ್ಚಿಯೂ ಬರುತ್ತದೆ. ಡ್ಯೂಟಿ ಮುಗಿಸಿ ಪಿಂಟೋ ಅವರ ಮನೆಯ ಹಿಂದಿನ ಬೇವಿನ ಮರದ ಕೆಳಗೆ ಕೂತು ಸಾಧನೆ ಮಾಡುತ್ತೇನೆ. ಮೂಟೆಗೆ ಕೊಕ್ಕೆ ಹಾಕಿ ಹಾಕಿ ಅಂಗೈ ಮರಗಟ್ಟಿದೆ, ಬೆರಳಿನ ತುದಿ ಮಾತ್ರ ಮೊದಲು ಒಡೆದು ರಕ್ತ ಬಂತು. ಈಗ ಅದೂ ಕಲ್ಲಾಗಿದೆ.

ಆದರೆ ಒಂದು ತೊಡಕು. ಎರಡರಿಂದ ನುಡಿಸಿದೆ, ಮೂರರಿಂದ ನುಡಿಸಿದೆ, ನಾಲ್ಕರಿಂದಲೂ ಆಯಿತು. ಎಲ್ಲಾ ಒಂದೇ ಥರ ಕೇಳುತ್ತದೆ. ಒಂದೇ ಸಾರನ್ನು ಆರು ಬಟ್ಟಲಿಗೆ ಬಡಿಸಿದ ಹಾಗೆ. ನೀವು ಕಲ್ಯಾಣಿ ಹಾಡಿದಾಗ ಜಗಲಿಯಲ್ಲಿದ್ದ ನನಗೆ ಮೈ ಜುಮ್ಮೆನ್ನುತ್ತಿತ್ತು. ನನ್ನ ಕೈಯಲ್ಲಿ ಬರುವ ಕಲ್ಯಾಣಿ ಶಂಕರಾಭರಣವೇ ನಡುವೆ ಎದ್ದು ಕೂತ ಹಾಗಿದೆ. ಪಿಂಟೋ ಅವರ ಮಗಳು ಫಿಲೋಮಿನ ಬಟ್ಟೆ ಒಣಹಾಕುತ್ತಾ ಕೇಳಿ, 'ಇದೇನು, ಹೆಸರು ಬೇರೆ ಬೇರೆ, ಹಾಡು ಅದೇ' ಎಂದು ನಕ್ಕಳು. ನನಗೂ ಹಾಗೇ ಅನ್ನಿಸುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ, ದಯವಿಟ್ಟು ಹೇಳಿ. ಮದ್ರಾಸಿನವರು ಯಾವತ್ತು ಬೇಕಾದರೂ ಕರೆಯಬಹುದು.

ಸಣ್ಣಬೀರಪ್ಪ


ತರೀಕೆರೆ
9 ಮಾರ್ಚ್ 1959

ಸಣ್ಣಬೀರ,

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಬಟ್ಟೆ ಒಣಹಾಕುವ ಹುಡುಗಿಯ ಮಾತು ಕೇಳಿ ರಾಗದ ಲಕ್ಷಣ ತೀರ್ಮಾನ ಮಾಡುವವನಿಗೆ ಮೇಷ್ಟ್ರು ಯಾಕೆ ಬೇಕು? ನೀನು ಎಲ್ಲೂ ತಪ್ಪಿಲ್ಲ. ಕೈ ಸರಿಯಾಗಿದೆ ಎಂದು ನಿನ್ನ ಕಾಗದದಿಂದಲೇ ಗೊತ್ತಾಗುತ್ತದೆ. ನಿನಗೆ ಬೇಕಾದದ್ದು ಆ ಒಂದು ಮಾತು. ಅದಕ್ಕೆ ಈ ನವರಾತ್ರಿಗೆ ಬಾ.

ಒಬ್ಬನೇ ಬರಬೇಡ. ಯಗಟಿಯಿಂದ ನಿನ್ನ ತಾಯಿ ಯಲ್ಲಮ್ಮನನ್ನು ಕರೆದುಕೊಂಡು ಬಾ. ಅವಳ ಎದುರಿಗೇ ಆ ಮಾತು ಆಗಬೇಕು. ನಾನೇ ಯಗಟಿಗೆ ಹೇಳಿ ಕಳಿಸಲಾ? ನಿನ್ನ ಅಣ್ಣ ಬೀರಯ್ಯ ಸಂತೆಯಲ್ಲಿ ಸಿಕ್ಕಿದ್ದ. ನಿನ್ನ ವಿಷಯ ಬಹಳ ಹೊತ್ತು ಮಾತಾಡಿದೆವು.

ಪ್ರಶ್ನೆ ಕಡಿಮೆ ಮಾಡು, ಸಾಧನೆ ಹೆಚ್ಚು ಮಾಡು.

ಶಿವಮೂರ್ತಪ್ಪ


ಹುಬ್ಬಳ್ಳಿ
20 ಸೆಪ್ಟೆಂಬರ್ 1959

ಮೇಷ್ಟ್ರಿಗೆ ಸಣ್ಣಬೀರಪ್ಪನ ವಂದನೆ.

ಈ ಸಲ ನವರಾತ್ರಿಗೆ ಬರಲಾಗುವುದಿಲ್ಲ. ರಜೆ ಕೇಳಿದೆ, ಕೊಡಲಿಲ್ಲ. ದಸರೆಯ ಪಾರ್ಸಲ್ಲು ಬೆಟ್ಟದ ಹಾಗೆ ಬಿದ್ದಿದೆ. ಯಗಟಿಗೆ ಹೇಳಿ ಕಳಿಸಬೇಡಿ. ಅವ್ವನಿಗೆ ಬಸ್ಸಿನಲ್ಲಿ ತಲೆ ಸುತ್ತು ಬರುತ್ತದೆ, ಸುಮ್ಮನೆ ತೊಂದರೆ. ಅಣ್ಣನಿಗೂ ನನ್ನ ವಿಷಯ ಏನೂ ಹೇಳಬೇಡಿ.

ಆ ಮಾತನ್ನು ಕಾಗದದಲ್ಲಿ ಬರೆದರೆ ಆಗುವುದಿಲ್ಲವೇ? ನಾನು ಯಾರಿಗೂ ತೋರಿಸುವುದಿಲ್ಲ. ಆರು ವರಸೆಯನ್ನೂ ಈಗ ಎಷ್ಟು ಬೇಗ ಬೇಕಾದರೂ ನುಡಿಸುತ್ತೇನೆ. ಬೇಗ ನುಡಿಸಿದಷ್ಟೂ ಒಂದೇ ಥರ ಕೇಳುತ್ತದೆ.

ಸಣ್ಣಬೀರಪ್ಪ


ತರೀಕೆರೆ
5 ಸೆಪ್ಟೆಂಬರ್ 1960

ಸಣ್ಣಬೀರ,

ಒಂದು ವರ್ಷ ನಾನು ಬರೆಯಲಿಲ್ಲ. ಹೋದ ನವರಾತ್ರಿಯಲ್ಲಿ ಒಳಮನೆಯಲ್ಲಿ ಎರಡು ಮಣೆ ಹಾಕಿಸಿದ್ದೆ, ಒಂದು ಮಲ್ಲಿಕಾಂಬನಿಗೆ, ಒಂದು ನಿನಗೆ. ರಜೆ ಇಲ್ಲ ಎಂದು ನೀನು ಬರೆದ ಮೇಲೂ ಹಾಕಿಸಿದೆ, ಕಡೇ ಗಳಿಗೆಯಲ್ಲಾದರೂ ಬರುತ್ತೀಯ ಎಂದು. ಅವಳು ತಂದೆ ತಾಯಿ ಜೊತೆ ಬಂದು ಕೂತಳು. ನಿನ್ನ ಮಣೆ ಎದುರಿಗೆ ಖಾಲಿ ಇತ್ತು. ಗಂಗಾಧರಯ್ಯ 'ಇನ್ಯಾರ್ ಬರ್ಬೇಕಿತ್ತು ಮೇಷ್ಟ್ರೇ' ಎಂದು ಕೇಳಿದ. ಯಾರೂ ಇಲ್ಲ ಎಂದು ಮಣೆ ಎತ್ತಿಸಿದೆ. ಮಲ್ಲಿಕಾಂಬನ ಕಲ್ಯಾಣಿ ಈಗ ಕೇಳಬೇಕು. ನಿನ್ನದು ಇನ್ನೂ ಚೆನ್ನಾಗಿರಬೇಕಿತ್ತು.

ಬೀರೂರಿನ ಪಾಯಿಂಟ್ಸ್‌ಮನ್ ಲಕ್ಕಣ್ಣ ಸಿಕ್ಕಿದ್ದ. 'ಅವ್ನಿಗೇನ್ರೀ, ಪಾಸೈತೆ, ರಜಾ ಐತೆ, ಬರಾಕೆ ಮನ್ಸಿಲ್ಲ ಅಷ್ಟೆ' ಎಂದ. ರೈಲ್ವೆಯವನಿಗೆ ಹುಬ್ಬಳ್ಳಿಯಿಂದ ತರೀಕೆರೆ ದೂರವೇ? ಈ ಸಲ ನವರಾತ್ರಿ ಬೇಗ ಬಂದಿದೆ, ಈ ತಿಂಗಳ ಕೊನೆಗೇ. ತಾಯಿಯನ್ನು ಕರೆದುಕೊಂಡು ಬಾ. ಮೂರನೇ ಸಲ ನಾನು ಯಾರನ್ನೂ ಕರೆದವನಲ್ಲ.

ಶಿವಮೂರ್ತಪ್ಪ


ಹುಬ್ಬಳ್ಳಿ
16 ಸೆಪ್ಟೆಂಬರ್ 1960

ಮೇಷ್ಟ್ರೇ,

ನಿಮ್ಮ ಕಾಗದ ಓದಿ ಸಿಟ್ಟು ಬಂತು. ಬಚ್ಚಿಟ್ಟುಕೊಂಡು ಏನು ಪ್ರಯೋಜನ, ಹೇಳಿಬಿಡುತ್ತೇನೆ.

ಆ ಒಂದು ಮಾತು ಏನೆಂದು ನನಗೆ ಗೊತ್ತಿಲ್ಲ ಎಂದುಕೊಂಡಿದ್ದೀರಾ? ಅತ್ತಿಗೆಯ ತಂಗಿಯನ್ನು ನನಗೆ ತಂದುಕೊಳ್ಳಬೇಕೆಂದು ಅಣ್ಣ ಎರಡು ವರ್ಷದಿಂದ ಹಟ ಹಿಡಿದಿದ್ದಾನೆ. ನಾನು ಊರಿಗೆ ಹೋಗುತ್ತಿಲ್ಲ. ಅಣ್ಣ ನಿಮ್ಮ ಹತ್ತಿರ ಬಂದ. ಸಂತೆಯಲ್ಲಿ ಬಹಳ ಹೊತ್ತು ಮಾತಾಡಿದಿರಿ. ಆಮೇಲೆ ನಿಮ್ಮ ಕಾಗದದಲ್ಲಿ 'ತಾಯಿಯ ಎದುರಿಗೇ ಆ ಮಾತು ಆಗಬೇಕು' ಎಂದು ಬಂತು. ಸಂಗೀತದ ಪಾಠಕ್ಕೆ ಅವ್ವ ಯಾಕೆ ಬೇಕು ಮೇಷ್ಟ್ರೇ? ಕುರಿ ಹಿಂಡಿನಲ್ಲಿ ಬೆಳೆದವಳಿಗೆ ಸರಿಗಮ ಏನು ಗೊತ್ತು? ಹೆಣ್ಣು ಗೊತ್ತು ಮಾಡುವುದಕ್ಕೆ ರಾಗದ ಹೆಸರು ಹೇಳಿ ಕರೆಸಿಕೊಳ್ಳುವುದು ನಿಮ್ಮಂಥ ದೊಡ್ಡವರಿಗೆ ಶೋಭಿಸುವುದಿಲ್ಲ.

ಮದ್ರಾಸಿನಿಂದ ಕರೆ ಬಂದಿದೆ. ಜನವರಿಯಲ್ಲಿ ಹೋಗಿ ನುಡಿಸಿ ತೋರಿಸಬೇಕು. ಗೆದ್ದರೆ ಅಲ್ಲೇ ಕೆಲಸ, ಕೈಗೆ ಕೊಕ್ಕೆ ಹಿಡಿಯುವುದು ತಪ್ಪುತ್ತದೆ. ನಿಮ್ಮ ಪಾಠವನ್ನೇ ನಂಬಿಕೊಂಡು ಹೋಗುತ್ತಿದ್ದೇನೆ. ಅದರಲ್ಲಿ ಏನಾದರೂ ಕೊರತೆ ಇದ್ದರೆ ಈಗ ಬರೆಯಿರಿ.

ಸಣ್ಣಬೀರಪ್ಪ


ತರೀಕೆರೆ
28 ಸೆಪ್ಟೆಂಬರ್ 1960

ಸಣ್ಣಬೀರಪ್ಪನವರಿಗೆ,

ನಾನು ಹೆಣ್ಣು ಗಂಡು ಕೂಡಿಸುವ ದಲ್ಲಾಳಿಯಲ್ಲ. ಕಂಪನಿಯಲ್ಲಿದ್ದಾಗ ಕುಡುಕರನ್ನು ಕಂಡಿದ್ದೇನೆ, ಕಳ್ಳರನ್ನು ಕಂಡಿದ್ದೇನೆ. ಇಂಥ ಮಾತು ನನಗೆ ಯಾರೂ ಆಡಿರಲಿಲ್ಲ. ನಿಮ್ಮಣ್ಣ ಸಂತೆಯಲ್ಲಿ ಮಾತಾಡಿದ್ದು ಕಂಬಳಿಯ ವಿಷಯ, ಮತ್ತೆ ತಮ್ಮ ಊರಿಗೆ ಬರುತ್ತಿಲ್ಲ ಎಂಬ ಸಂಕಟ. ಹೆಣ್ಣಿನ ಸುದ್ದಿ ಬರಲೇ ಇಲ್ಲ.

ತಾಯಿ ಯಾಕೆ ಎಂದು ಕೇಳಿದ್ದೀರಿ. ವಿದ್ಯೆ ಮನೆಗೆ ಬಂತು ಎಂದು ಹೆತ್ತವಳಿಗೆ ಗೊತ್ತಾಗಲಿ ಎಂದು. ಅವಳಿಗೆ ಸರಿಗಮ ಬರಬೇಕಾಗಿಲ್ಲ.

ಇಲ್ಲಿ ಎರಡು ಸಾಲು ಬರೆದು ಹೊಡೆದುಹಾಕಿದ್ದೇನೆ. ಬೆಳಕಿಗೆ ಹಿಡಿದು ಓದುವ ಪ್ರಯತ್ನ ಮಾಡಬೇಡಿ, ಶಾಯಿ ಚೆನ್ನಾಗಿ ಬಳಿದಿದ್ದೇನೆ.

ಪಾಠದಲ್ಲಿ ಕೊರತೆ ಇದೆ. ಅದು ಎಲ್ಲಿ ಸಿಗುತ್ತದೆ ಎಂದು ನಿಮಗೆ ಗೊತ್ತು. ಮದ್ರಾಸಿಗೆ ಹೋಗುವ ರೈಲು ಬೀರೂರಿನ ಮೇಲೇ ಹೋಗುತ್ತದೆ.

ಶಿವಮೂರ್ತಪ್ಪ


ಹುಬ್ಬಳ್ಳಿ
26 ಫೆಬ್ರವರಿ 1961

ಶಿವಮೂರ್ತಪ್ಪನವರಿಗೆ,

ಮದ್ರಾಸಿಗೆ ಹೋಗಿಬಂದೆ. ಏನಾಯಿತು ಎಂದು ತಿಳಿಯುವ ಹಕ್ಕು ನಿಮಗಿದೆ, ನಿಮ್ಮ ಪಾಠವೇ ತಾನೇ ಅಲ್ಲಿ ನುಡಿದದ್ದು.

ಒಬ್ಬನೇ ಹೋಗಲಿಲ್ಲ. ನನಗೆ ಮದುವೆಯಾಗಿದೆ. ಐವತ್ತೊಂಬತ್ತರ ಮೇ ತಿಂಗಳಿನಲ್ಲೇ ಆಯಿತು. ಬಟ್ಟೆ ಒಣಹಾಕುವ ಹುಡುಗಿ ಎಂದಿರಲ್ಲ, ಅವಳೇ ನನ್ನ ಹೆಂಡತಿ. ಒಂದು ಹೆಣ್ಣುಮಗುವಿದೆ. ಊರಿಗೆ ಹೇಳಲಿಲ್ಲ. ಕ್ರೈಸ್ತರವಳನ್ನು ತಂದೆ ಎಂದರೆ ಅವ್ವ ಎದೆ ಒಡೆದುಕೊಳ್ಳುತ್ತಾಳೆ, ಕುಲದವರು ಅವ್ವನ ಕೈಯ ನೀರು ಮುಟ್ಟದೆ ಹೊರಗಿಡುತ್ತಾರೆ. ಅದಕ್ಕೇ ಯಗಟಿಯ ಕಡೆ ತಲೆ ಹಾಕಲಿಲ್ಲ, ನಿಮ್ಮ ಕಡೆಗೂ ಬರಲಿಲ್ಲ. ಈಗ ಯಾರಿಗೆ ಬೇಕಾದರೂ ಹೇಳಿಕೊಳ್ಳಿ.

ಮದ್ರಾಸಿನಲ್ಲೇ ನಿಲ್ಲುತ್ತೇವೆ ಎಂಬ ಧೈರ್ಯದಲ್ಲಿ ಪಾತ್ರೆ ಪಡಗ ಎಲ್ಲಾ ಕಟ್ಟಿಕೊಂಡು ಹೊರಟೆವು. ಪಾರ್ಸಲ್ ಆಫೀಸಿನ ಗುಮಾಸ್ತನಿಗೆ, ಇನ್ನು ನಿನ್ನ ಮೂಟೆ ನೀನೇ ಹೊತ್ತುಕೋ ಎಂದು ನಾಲ್ಕು ಜನರ ಎದುರಿಗೆ ಹೇಳಿ ಬಂದಿದ್ದೆ. ದಾರಿಯುದ್ದಕ್ಕೂ ಬಿಸಿಲು. ಅಜ್ಜಂಪುರದಲ್ಲಿ ಕಿಟಕಿ ಹಾಕಿಕೊಂಡೆವು.

ಸ್ಟುಡಿಯೋದಲ್ಲಿ ದೊಡ್ಡ ಕೋಣೆ. ಸಂಗೀತದವರು ಕುರ್ಚಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಒಬ್ಬ ವಯಸ್ಸಾದ ಹಾರ್ಮೋನಿಯಂನವರು. ಮೊದಲು ಶಂಕರಾಭರಣ ನುಡಿಸಿದೆ. ಕೈ ನೋಡಿ ಎಲ್ಲರೂ ಭೇಷ್ ಎಂದರು. ಪಿಂಟೋ ಅವರ ಬಾಮೈದ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಅಷ್ಟು ಹೊತ್ತು ನಾನು ಗೆದ್ದಿದ್ದೆ.

ಆಮೇಲೆ ಹಾರ್ಮೋನಿಯಂನವರು ಒಂದು ಮನೆಯನ್ನು ಒತ್ತಿ ಹಿಡಿದರು. 'ಇದು ಸ. ಇದರ ಮೇಲೆ ಕಲ್ಯಾಣಿ ನುಡಿಸು' ಎಂದರು. ನೀವು ಹೇಳಿಕೊಟ್ಟ ಹಾಗೆ ಆ ಸ ಸ್ವರದಿಂದ ಶಂಕರಾಭರಣದ ದಾರಿ ಹುಡುಕಿಕೊಂಡು, ಅದರ ನಾಲ್ಕನೆಯ ಸ್ವರದಿಂದ ಶುರು ಮಾಡಿದೆ. ಅವರು ಒತ್ತಿ ಹಿಡಿದ ಸ್ವರ ಕೆಳಗೆ ಗುಂಯ್ ಎನ್ನುತ್ತಲೇ ಇತ್ತು. 'ಇದು ಶಂಕರಾಭರಣ ಕಣಯ್ಯಾ, ಕಲ್ಯಾಣಿ ನುಡಿಸು' ಎಂದರು. ಮತ್ತೆ ಅದನ್ನೇ ನುಡಿಸಿದೆ. ತೋಡಿ ಎಂದರು. ಮೂರನೆಯದರಿಂದ ಶುರು ಮಾಡಿದೆ. ಅದೂ ಶಂಕರಾಭರಣವೇ ಆಯಿತು. ಕುರ್ಚಿಯಲ್ಲಿದ್ದವರು ನಗಾಡಿ, 'ಇವನ ಹತ್ತಿರ ಇರುವುದು ಒಂದೇ ರಾಗ, ಹೆಸರು ಮಾತ್ರ ಆರು' ಎಂದರು. ಎಲ್ಲರೂ ನಕ್ಕರು. ಫಿಲೋಮಿನ ಮಗುವನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು.

ಹೊರಗೆ ಪಡಸಾಲೆಯಲ್ಲಿ ಕೂತಿದ್ದಾಗ ಆ ಮುದುಕರು ಹಾರ್ಮೋನಿಯಂ ಹೊರಿಸಿಕೊಂಡು ಬಂದರು. ಬಿಳಿ ನಾಲ್ಕನ್ನು ಒತ್ತಿ ಹಿಡಿದರು. ಅದರ ಮೇಲೆ ನಿನ್ನ ವರಸೆ ನಾಲ್ಕರಿಂದ ನುಡಿಸು ಎಂದರು. ನುಡಿಸಿದೆ. ಕಲ್ಯಾಣಿ ಬಂತು! ನಿಮ್ಮ ಜಗಲಿಯಲ್ಲಿ ಕೇಳುತ್ತಿದ್ದ ಅದೇ ಕಲ್ಯಾಣಿ, ನನ್ನ ಬೆರಳಿನಿಂದ. ಮೂರನ್ನು ಹಿಡಿದರು, ತೋಡಿ ಬಂತು. 'ನೀನು ಬೆರಳು ಸರಿಸಿದ್ದೀಯ, ಸ ಸರಿಸಿಲ್ಲ. ಎಲ್ಲಿಂದ ಹೊರಡುತ್ತೀಯೋ ಆ ಸ್ವರವನ್ನೇ ಶ್ರುತಿ ಮಾಡಿಕೋ, ಅದು ಕೆಳಗೆ ನುಡಿಯುತ್ತಲೇ ಇರಲಿ. ಆಗ ಸ್ವರಗಳೆಲ್ಲ ಅದನ್ನು ನೋಡಿಕೊಂಡು ಬದಲಾಗುತ್ತವೆ. ಇಷ್ಟೂ ಹೇಳಿಕೊಟ್ಟವರಿಲ್ಲವೇ?' ಎಂದರು. ನಾನು ಮಗುವಿನ ಹಾಗೆ ಅತ್ತೆ. ಶ್ರುತಿ ಎಂದರೆ ಹಾಡುವವರ ಗಂಟಲು ಜಾರದಿರಲಿ ಎಂದು ಇಡುವುದು ಎಂದೇ ನಾನು ತಿಳಿದಿದ್ದೆ. ನಿಮ್ಮ ಶ್ರುತಿಪೆಟ್ಟಿಗೆ ಯಾವಾಗಲೂ ಒಳಮನೆಯಲ್ಲಿತ್ತು.

ಇನ್ನೊಂದು ಸಲ ನುಡಿಸುತ್ತೇನೆ ಎಂದು ಒಳಗೆ ಓಡಿದೆ. ಅಷ್ಟರಲ್ಲಿ ಬೇರೊಬ್ಬನನ್ನು ಗೊತ್ತುಮಾಡಿಕೊಂಡಿದ್ದರು.

ನಿನ್ನ ಗುರು ಯಾರು ಎಂದು ಮುದುಕರು ಕೇಳಿದರು. ಯಾರೂ ಇಲ್ಲ ಎಂದೆ. ಅದೇ ಗುಮಾಸ್ತನ ಕಾಲು ಹಿಡಿದು ಅದೇ ಕೊಕ್ಕೆ ತೆಗೆದುಕೊಂಡಿದ್ದೇನೆ. ಎರಡೂವರೆ ವರ್ಷ ನಾನು ಕೇಳಿದ್ದು ಇದೊಂದನ್ನೇ. ಮೂರು ಕಾಸಿನ ಕಾರ್ಡಿನಲ್ಲಿ ಹಿಡಿಸುವ ಮಾತನ್ನು ಮಡಿಯಲ್ಲಿಟ್ಟುಕೊಂಡು ಕೂತಿರಿ. ನಿಮ್ಮ ಮಣೆಗೆ, ನಿಮ್ಮ ಒಳಮನೆಗೆ, ನಿಮ್ಮ ಪದ್ಧತಿಗೆ ಬೆಂಕಿ ಬೀಳಲಿ.

ಸಣ್ಣಬೀರಪ್ಪ


ತರೀಕೆರೆ
11 ಏಪ್ರಿಲ್ 1961

ಸಣ್ಣಬೀರ,

ಬೆಂಕಿ ಹಾಕಿದೆಯಲ್ಲ, ಬಿತ್ತು. ಈಗ ನನ್ನದನ್ನೂ ಕೇಳು.

ನೀನು ಮದ್ರಾಸಿಗೆ ಹೊರಡುವ ದಿನವನ್ನು ಲಕ್ಕಣ್ಣನಿಂದ ತಿಳಿದುಕೊಂಡೆ. ಅವತ್ತು ಮಂಗಳವಾರವಲ್ಲ, ಅಜ್ಜಂಪುರದಲ್ಲಿ ನನಗೆ ಪಾಠ ಇರಲಿಲ್ಲ. ಆದರೂ ಹೋದೆ. ಬೀರೂರಿನಲ್ಲಿ ನೂರು ಜನ ಗುರುತಿನವರು, ಶಿಷ್ಯನನ್ನು ಹುಡುಕಿಕೊಂಡು ಬಂದ ಮೇಷ್ಟ್ರು ಎನ್ನಿಸಿಕೊಳ್ಳುವುದು ಬೇಡ ಎಂದು ಅಜ್ಜಂಪುರದ ಸ್ಟೇಷನ್ನಿನಲ್ಲಿ ನಿಂತೆ. ನನ್ನ ಗುರುಗಳ ಪದ್ಧತಿ ಮುರಿದು ಆ ಮಾತನ್ನು ಕಿಟಕಿಯಲ್ಲೇ ಹೇಳಿಬಿಡಬೇಕು ಎಂದು ಬಂದಿದ್ದೆ. ರೈಲು ನಿಲ್ಲುವಷ್ಟು ಹೊತ್ತು ಧಾರಾಳವಾಗಿ ಸಾಕಾಗುತ್ತಿತ್ತು.

ಗಾಡಿ ಬಂತು. ಮೂರನೇ ದರ್ಜೆಯ ಡಬ್ಬಿಯಲ್ಲಿ ನೀನು ಕಂಡೆ. ಪಕ್ಕದಲ್ಲಿ ಒಬ್ಬಳು ಹೆಂಗಸು, ತೊಡೆಯ ಮೇಲೆ ಮಗು. ನೀನು ನನ್ನನ್ನು ನೋಡಿದೆ. ಇಲ್ಲ ಎನ್ನಬೇಡ, ನಮ್ಮಿಬ್ಬರ ಕಣ್ಣು ಕೂಡಿತು. ನಾನು ಕೈ ಎತ್ತಿದೆ. ನೀನು ಕಿಟಕಿ ಎಳೆದುಕೊಂಡೆ. ಬಿಸಿಲಂತೆ! ಆ ಹೊತ್ತಿಗೆ ಪ್ಲಾಟ್‌ಫಾರಮ್ಮಿನ ಕಡೆ ನೆರಳಿತ್ತು ಕಣೋ.

ಹೋಗಿ ಕಿಟಕಿ ತಟ್ಟಬಹುದಾಗಿತ್ತು. ತಟ್ಟಲಿಲ್ಲ. ಹೆಂಡತಿ ಮಗುವನ್ನೇ ನನ್ನಿಂದ ಬಚ್ಚಿಟ್ಟವನು, ಮುಖ ಕಂಡು ಕಿಟಕಿ ಹಾಕಿದವನು, ಅವನಿಗೆ ನಾನು ಯಾಕೆ ಕೊಡಲಿ ಎನ್ನಿಸಿತು. ಗಾಡಿ ಹೋಯಿತು. ಸ್ಟೇಷನ್ನಿನ ಹೊರಗೆ ಕಾಫಿ ಕುಡಿದು ಬಸ್ಸು ಹತ್ತಿದೆ. ಮದ್ರಾಸಿನಲ್ಲಿ ನಕ್ಕರು ಎಂದು ಬರೆದಿದ್ದೀಯ. ನೀನು ಕಿಟಕಿ ಎಳೆದದ್ದನ್ನು ಸ್ಟೇಷನ್ನಿನ ಹಮಾಲಿಗಳು ನೋಡಿ ನಕ್ಕರು.

ಶಿವಮೂರ್ತಪ್ಪ


ತರೀಕೆರೆ
8 ಅಕ್ಟೋಬರ್ 1962, ವಿಜಯದಶಮಿ

ಸಣ್ಣಬೀರ,

ನನ್ನ ಹೋದ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ. ಮೊನ್ನೆ ನಿನ್ನ ತಾಯಿ ಬಂದಿದ್ದಳು. ಬಸ್ಸಿನಲ್ಲಿ ಬಂದಳು, ತಲೆ ಗಿಲೆ ಏನೂ ಸುತ್ತಿರಲಿಲ್ಲ. ಕಂಕುಳಲ್ಲಿ ಒಂದು ಸಣ್ಣ ಕಂಬಳಿ, ಮಗುವಿಗೆ ನೇಯಿಸಿದ್ದು. ನಾನು ಮಾತು ನುಂಗುತ್ತಿರುವುದನ್ನು ನೋಡಿ ಅವಳೇ ಹೇಳಿದಳು. 'ನಂಗೆಲ್ಲಾ ಗೊತ್ತು ಕಣ್ ಮೇಷ್ಟ್ರೇ. ಮದ್ವೆಯಾದ್ ವರ್ಷಾನೇ ಲಕ್ಕಣ್ಣ ಹೇಳ್ದ. ಅವ್ನೇ ಬಂದು ಬಾಯ್ಬಿಡ್ಲಿ ಅಂತ ಸುಮ್ಕಿದ್ದೆ. ಮಗಾ ಯಾರಂಗೈತೆ, ಅವ್ನಂಗಾ, ಅವ್ರವ್ವನಂಗಾ?' ನನಗೇನು ಗೊತ್ತು? ಕಿಟಕಿ ಎಳೆಯುವ ಮುಂಚೆ ಕಂಡದ್ದು ಬರೀ ಟೋಪಿ. ಅವಳು ನಕ್ಕಳು, ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕಂಬಳಿಯನ್ನು ಲಕ್ಕಣ್ಣನ ಕೈಯಲ್ಲಿ ಕಳಿಸಿದ್ದೇನೆ.

ಅವಳು ಹೋದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಇವತ್ತು ಒಳಮನೆಯಲ್ಲಿ ಯಾರೂ ಇಲ್ಲ. ಮಲ್ಲಿಕಾಂಬನನ್ನು ಕಡೂರಿಗೆ ಕೊಟ್ಟರು, ಆ ಮನೆಯಲ್ಲಿ ಹೆಣ್ಣುಮಕ್ಕಳು ಹಾಡುವ ಹಾಗಿಲ್ಲವಂತೆ. ತಪ್ಪು ನಿನ್ನದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಬರೆಯುತ್ತೇನೆ. ಸ್ನಾನ ಮಾಡಿ, ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಇದನ್ನು ಓದು.

ಗಿಟಾರಿನ ದಪ್ಪ ತಂತಿಯನ್ನು ಸುಮ್ಮನೆ ನುಡಿಯುವುದಕ್ಕೇ ಬಿಡು. ಖರಹರಪ್ರಿಯ ಬೇಕಾದಾಗ ಅದನ್ನು ಎರಡನೆಯ ಸ್ವರಕ್ಕೆ ಕೂಡಿಸು, ತೋಡಿಗೆ ಮೂರನೆಯದಕ್ಕೆ, ಕಲ್ಯಾಣಿಗೆ ನಾಲ್ಕನೆಯದಕ್ಕೆ. ಮೊದಲು ಅದನ್ನೊಂದೇ ಮೀಟಿ ಕೇಳು. ಅದೇ ಮನೆ, ಅದೇ ಹೊಸ್ತಿಲು ಎನ್ನಿಸುವ ತನಕ ಬೇರೆ ಸ್ವರ ಮುಟ್ಟಬೇಡ. ಆಮೇಲೆ ಒಂದೊಂದೇ ಸ್ವರ ಹತ್ತು, ಪ್ರತಿಯೊಂದನ್ನೂ ಆ ತಂತಿಯ ಜೊತೆ ನಿಲ್ಲಿಸಿ ಕೇಳು. ಬಿಳಿ ನಾಲ್ಕರಿಂದ ಮೂರು ಸ್ವರ ಮೇಲೆ ಹೋದಾಗ ಸಿಗುವ ಮಧ್ಯಮ ಎಳೆಯುತ್ತದೆ, ಪಂಚಮಕ್ಕೆ ಹೋಗು ಎಂದು ಹಿಂಸೆ ಕೊಡುತ್ತದೆ. ಅದೇ ಕಲ್ಯಾಣಿಯ ಜೀವ. ಶ್ರುತಿ ಇಲ್ಲದಿದ್ದರೆ ಆ ಸ್ವರಕ್ಕೆ ತಾನು ಯಾರೆಂದು ಗೊತ್ತಾಗುವುದಿಲ್ಲ. ಕಲಿಯುವವರು ಅವಸರ ಪಡುತ್ತಾರೆ, ನೀನು ಪಡಬೇಡ. ಒಂದು ರಾಗಕ್ಕೆ ಒಂದು ತಿಂಗಳು ಕೊಡು.

ಇಷ್ಟೇ ಆ ಮಾತು. ನನ್ನ ಗುರುಗಳ ಆಣೆ ಮೀರಿ ಬರೆದಿದ್ದೇನೆ. ಮುಂದಿನ ನವರಾತ್ರಿಗೆ ಹೆಂಡತಿ ಮಗುವಿನ ಜೊತೆ ಬಾ. ಯಲ್ಲಮ್ಮನೂ ಬರುತ್ತಾಳೆ. ಎಲ್ಲರಿಗೂ ಒಳಮನೆಯಲ್ಲೇ ಮಣೆ ಹಾಕಿಸುತ್ತೇನೆ. ನನಗೆ ಒಂದು ಸಲ ನುಡಿಸಿ ತೋರಿಸು.

ಶಿವಮೂರ್ತಪ್ಪ


ಹುಬ್ಬಳ್ಳಿ
4 ನವೆಂಬರ್ 1962

ಮೇಷ್ಟ್ರೇ,

ಕಂಬಳಿ ತಲುಪಿತು. ಮಗು ಅದನ್ನೇ ಹೊದ್ದು ಮಲಗುತ್ತದೆ. ಅವ್ವನನ್ನು ನೋಡುವುದಕ್ಕೆ ಮುಂದಿನ ವಾರ ಮೂವರೂ ಯಗಟಿಗೆ ಹೋಗುತ್ತಿದ್ದೇವೆ. ತರೀಕೆರೆಗೆ ಬರುವುದಿಲ್ಲ.

ನಿಮ್ಮ ಪಾಠವೂ ಬಂತು. ನೀವು ಹೇಳಿದ ಹಾಗೆಯೇ ಸ್ನಾನ ಮಾಡಿ, ಫಿಲೋಮಿನಳನ್ನು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿದೆ. ಚೆನ್ನಾಗಿ ಬರೆದಿದ್ದೀರಿ. ಹೊಸದಾಗಿ ಕಲಿಯುವ ಯಾರಿಗೆ ಕೊಟ್ಟರೂ ಅರ್ಥವಾಗುತ್ತದೆ. ಅವಳು ಪೂರ್ತಿ ಕೇಳಿ, 'ಇಷ್ಟೇನಾ?' ಎಂದಳು. ನನಗೂ ಬಾಯಿಗೆ ಬಂದದ್ದು ಅದೇ ಮಾತು.

ಗಿಟಾರು ನನ್ನ ಹತ್ತಿರ ಇಲ್ಲ. ಮದ್ರಾಸಿನಿಂದ ಬಂದ ಮೇಲೆ ಒಂದು ವರ್ಷ ಗೋಡೆಗೆ ನೇತುಹಾಕಿದ್ದೆ. ಹೋದ ಬೇಸಿಗೆಯಲ್ಲಿ ಹತ್ತಿ ಮೂಟೆ ಬಿದ್ದು ಎಡಗೈಯ ಎರಡು ಬೆರಳು ಜಜ್ಜಿ ಹೋದವು, ಈಗ ಮಡಿಸಲು ಬರುವುದಿಲ್ಲ. ಪಿಂಟೋ ಅವರಿಗೇ ವಾಪಸು ಕೊಟ್ಟೆ. ಅವರು ಮದ್ರಾಸಿಗೆ, ನನ್ನ ಜಾಗದಲ್ಲಿ ಕೂತವನಿಗೆ ಕಳಿಸಿದರು. ಅವನ ಗಿಟಾರಿನ ಕತ್ತು ಸೀಳಿತ್ತಂತೆ.

ಮಣೆ ಹಾಕಿಸಬೇಡಿ. ನಿಮ್ಮ ಹತ್ತಿರ ಕೊಡಲು ಇದ್ದದ್ದು ಆ ಒಂದು ಮಾತು, ನನ್ನ ಹತ್ತಿರ ತೆಗೆದುಕೊಳ್ಳಲು ಇದ್ದದ್ದು ಈ ಒಂದು ಕೈ. ಈಗ ಬಂದು ಕೂತರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದುಹೋಗಬೇಕು, ಅಷ್ಟೇ.

ಸಣ್ಣಬೀರಪ್ಪ